ಎರಡು ಲಾರಿ, ಒಂದು ಮತಪೆಟ್ಟಿಗೆ

ಕೆನಡಾದ ನುನಾವುಟ್‌ನ ಊರುಗಳಲ್ಲಿ ದಿನ ಉರುಳುವುದು ಎರಡು ಲಾರಿಗಳ ಗಾಲಿಯ ಮೇಲೆ. ಒಂದು ಮನೆಬಾಗಿಲಿಗೆ ಬಂದು ತೊಟ್ಟಿಗೆ ಕುಡಿಯುವ ನೀರು ತುಂಬಿಸಿ ಹೋಗುತ್ತದೆ. ಇನ್ನೊಂದು ನಮ್ಮಲ್ಲಿ ಸಕ್ಕಿಂಗ್ ಮಷೀನ್ ಎನ್ನುತ್ತೇವಲ್ಲ, ಅಂಥದ್ದು. ಮನೆಯ ಕೊಳೆನೀರಿನ ಟ್ಯಾಂಕನ್ನು ಹೀರಿ ಬರಿದು ಮಾಡುತ್ತದೆ. ಅಲ್ಲಿನ ನೆಲ ಅಡಿಯಲ್ಲಿ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದರಲ್ಲಿ ಪೈಪು ಹೂತು ಮನೆಮನೆಗೆ ನೀರು ಕೊಡುವುದು ಎಲ್ಲ ಕಡೆ ಆಗುವ ಮಾತಲ್ಲ. ಎರಡು ಮೂರು ಊರುಗಳ ಕೆಲವು ಬೀದಿಗಳಲ್ಲಿ ಬೆಚ್ಚನೆಯ ಕವಚ ತೊಡಿಸಿದ ಕೊಳವೆಗಳಿವೆ. ಉಳಿದವರಿಗೆಲ್ಲ ಲಾರಿಯೇ ಗತಿ. ಹಿಮಬಿರುಗಾಳಿ ಎರಡು ದಿನ ಎಡೆಬಿಡದೆ ಬೀಸಿದರೆ ಲಾರಿ ಹೊರಡುವುದಿಲ್ಲ. ಆಗ ಅಡುಗೆಮನೆಯಲ್ಲಿ ನೀರು ಮುಗಿಯುತ್ತದೆ, ಕೊಳೆನೀರಿನ ಟ್ಯಾಂಕು ತುಂಬಿ ಬಚ್ಚಲೂ ಬಂದ್ ಆಗುತ್ತದೆ.

ಈ ಲಾರಿಗಳ ಹೊಣೆ ಊರಿನ ಪುರಸಭೆಯದು. ಬೀದಿಯ ಹಿಮ ತೆಗೆಸುವುದು, ಕಸ ಸಾಗಿಸುವುದು, ಬೆಂಕಿ ನಂದಿಸುವುದು, ಮನೆ ಕಟ್ಟಲು ನಿವೇಶನ ಹಂಚುವುದು, ಸಾಕುನಾಯಿಗಳಿಗೂ ಹಿಮವಾಹನಗಳಿಗೂ ನಿಯಮ ಮಾಡುವುದು, ಎಲ್ಲವೂ ಅದರದೇ ಕೆಲಸ. ಸರ್ಕಾರ ಎಂಬುದನ್ನು ಅಲ್ಲಿನ ಜನ ದಿನವೂ ಕಣ್ಣಾರೆ ಕಾಣುವುದು ಪುರಸಭೆಯ ರೂಪದಲ್ಲೇ. ಸಂಸತ್ತಿರುವ ಒಟ್ಟಾವಾ ಹೆಚ್ಚಿನ ಊರುಗಳಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ಹೀಗಾಗಿ ನೂರಿನ್ನೂರು ಮತದಾರರ ಊರಿನಲ್ಲಿ ಮೇಯರ್ ಆಯ್ಕೆಗೆ ನಡೆಯುವ ಚುನಾವಣೆ ಕೂಡ ಸಣ್ಣ ಸಂಗತಿಯಲ್ಲ.

ಪ್ರದೇಶದ ಪರಿಚಯ ಸ್ವಲ್ಪ ಬೇಕು. ಕೆನಡಾದ ಉತ್ತರದ ಅಂಚಿನಲ್ಲಿ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿರುವ ಆಡಳಿತ ಪ್ರಾಂತ್ಯ ನುನಾವುಟ್. ನಮ್ಮ ಕರ್ನಾಟಕದಂಥ ಹತ್ತು ರಾಜ್ಯಗಳನ್ನು ಅದರೊಳಗೆ ಇಡಬಹುದು. 2021ರ ಜನಗಣತಿಯಂತೆ ಅಲ್ಲಿ ಇದ್ದವರು 36,858 ಮಂದಿ, ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಇನುಯಿಟ್ ಸಮುದಾಯದವರು. ಅವರ ಇನುಕ್ಟಿಟುಟ್ ಭಾಷೆಯಲ್ಲಿ ನುನಾವುಟ್ ಎಂದರೆ 'ನಮ್ಮ ನೆಲ'. ಹಿಂದೆ ವಾಯವ್ಯ ಪ್ರಾಂತ್ಯದ ಭಾಗವಾಗಿದ್ದ ಈ ನೆಲ 1993ರಲ್ಲಿ ಇನುಯಿಟ್ ಜನ ಕೆನಡಾ ಸರ್ಕಾರದ ಜೊತೆ ಮಾಡಿಕೊಂಡ ಭೂಮಿ ಒಪ್ಪಂದದ ಫಲವಾಗಿ 1999ರ ಏಪ್ರಿಲ್ 1ರಂದು ಬೇರೆಯಾಯಿತು. ಅಲ್ಲಿರುವುದು 25 ಪುರಸಭೆಗಳು. ನಗರವೆಂಬ ಸ್ಥಾನ ರಾಜಧಾನಿ ಇಕಲೂಯಿಟ್‌ಗೆ ಮಾತ್ರ, ಜನಸಂಖ್ಯೆ 7,429. ಉಳಿದ 24 ಊರುಗಳನ್ನು ಕಾನೂನು 'ಹ್ಯಾಮ್ಲೆಟ್' ಎಂದು ಕರೆಯುತ್ತದೆ. ಉತ್ತರದ ತುತ್ತತುದಿಯಲ್ಲಿರುವ ಗ್ರೀಸ್ ಫಿಯೋರ್ಡ್‌ನಲ್ಲಿ ಆ ಜನಗಣತಿ ಎಣಿಸಿದ್ದು 144 ಜನರನ್ನು. ಊರಿಂದ ಊರಿಗೆ ರಸ್ತೆಯಿಲ್ಲ. ಹೋಗಿಬರಲು ವಿಮಾನವೇ ಬೇಕು. ಬೇಸಿಗೆಯಲ್ಲಿ ಕಡಲಿನ ಮಂಜುಗಡ್ಡೆ ಕರಗಿದಾಗ ಹಡಗು ಬಂದು ವರ್ಷಕ್ಕಾಗುವಷ್ಟು ಸಾಮಾನು ಇಳಿಸಿ ಹೋಗುತ್ತದೆ.

ಇಂಥ ಊರುಗಳಲ್ಲಿ ಪುರಸಭೆ ಯಾಕೆ ಮುಖ್ಯ ಎಂಬುದು ಮತದಾನದ ಚರಿತ್ರೆ ತಿಳಿದರೆ ಮನದಟ್ಟಾಗುತ್ತದೆ. 1934ರಲ್ಲಿ ಕೆನಡಾದ ಸಂಸತ್ತು ಕಾನೂನು ಮಾಡಿ ಇನುಯಿಟ್ ಜನರನ್ನು ಮತದಾನದಿಂದ ಹೊರಗಿಟ್ಟಿತು. 1950ರಲ್ಲಿ ಹಕ್ಕು ಕೊಟ್ಟಿತು, ಆದರೆ ಹಕ್ಕು ಕಾಗದದಲ್ಲೇ ಉಳಿಯಿತು. ಪೂರ್ವ ಆರ್ಕ್ಟಿಕ್‌ನ ಎಲ್ಲ ಊರುಗಳಿಗೂ ಮತಪೆಟ್ಟಿಗೆ ತಲುಪಿದ್ದು 1962ರಲ್ಲಿ. ಹನ್ನೆರಡು ವರ್ಷ ಮತದ ಹಕ್ಕಿತ್ತು, ಮತ ಹಾಕಲು ಪೆಟ್ಟಿಗೆ ಇರಲಿಲ್ಲ.

ಅದೇ ಕಾಲದಲ್ಲಿ ಅವರಿಗೆ ಸರ್ಕಾರಿ ಕಡತಗಳಲ್ಲಿ ಸರಿಯಾದ ಹೆಸರೂ ಇರಲಿಲ್ಲ. ಇನುಯಿಟ್ ಹೆಸರುಗಳನ್ನು ಬರೆಯುವುದು, ಉಚ್ಚರಿಸುವುದು ಅಧಿಕಾರಿಗಳಿಗೆ ತೊಡಕೆನಿಸಿ 1940ರ ದಶಕದಲ್ಲಿ ಪ್ರತಿಯೊಬ್ಬರಿಗೂ ಸಂಖ್ಯೆ ಕೆತ್ತಿದ ಬಿಲ್ಲೆ ಕೊಡಲಾಯಿತು. ಕೊರಳಿಗೋ ಮುಂಗೈಗೋ ಕಟ್ಟಿಕೊಳ್ಳುವ ಬಿಲ್ಲೆ. ಹುಟ್ಟಿದ ಮಗುವಿಗೂ ಒಂದು. 1966ರಲ್ಲಿ ವಾಯವ್ಯ ಪ್ರಾಂತ್ಯದ ಶಾಸನ ಪರಿಷತ್ತಿಗೆ ಜನರಿಂದ ಚುನಾಯಿತರಾದ ಮೊದಲ ಇನುಯಿಟ್ ಪ್ರತಿನಿಧಿ ಸೈಮನಿ ಮೈಕೆಲ್. ಅವರು ಸಭೆಯಲ್ಲಿ ಎತ್ತಿದ ವಿಷಯಗಳಲ್ಲಿ ಈ ಸಂಖ್ಯೆಯೂ ಒಂದು, ತನ್ನನ್ನು ಹೆಸರಿನಿಂದ ಕರೆಯಬೇಕು ಎಂಬ ಒತ್ತಾಯ. ಅದರ ಬೆನ್ನಿಗೆ ಏಬ್ ಓಕ್‌ಪಿಕ್ ಎಂಬವರು 1968ರಿಂದ 1971ರ ತನಕ ಊರೂರು ತಿರುಗಿ, ಮನೆಮಂದಿಯನ್ನು ಕೇಳಿ, ಅವರು ಬಯಸಿದ ಮನೆತನದ ಹೆಸರನ್ನು ದಾಖಲೆಗೆ ಸೇರಿಸಿದರು. ಚುನಾಯಿತನಾದ ಒಬ್ಬ ಮನುಷ್ಯ ಸಭೆಯಲ್ಲಿ ಎದ್ದು ನಿಂತು ಕೇಳಿದ್ದರಿಂದ ಸಾವಿರಾರು ಜನರ ಹೆಸರು ಮರಳಿತು. ಪ್ರಾತಿನಿಧ್ಯ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಮೊದಲ ಉದಾಹರಣೆ ಇದು.

ಎರಡನೆಯದು ಗ್ರೀಸ್ ಫಿಯೋರ್ಡ್‌ನ ಕತೆ. ಇನುಯಿಟ್ ಜನ ಈ ಜಾಗವನ್ನು ಔಸುಯಿಟ್ಟುಕ್ ಎನ್ನುತ್ತಾರೆ, 'ಎಂದೂ ಕರಗದ ಊರು'. ಅಲ್ಲಿಗೆ ಯಾರೂ ತಾವಾಗಿ ವಲಸೆ ಹೋಗಲಿಲ್ಲ. 1953ರಲ್ಲಿ, ಮತ್ತೆ 1955ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್ ಪ್ರಾಂತ್ಯದ ಉತ್ತರದ ಇನುಕ್‌ಜುವಾಕ್‌ನಿಂದ ಕುಟುಂಬಗಳನ್ನು ಹಡಗಿಗೆ ಹತ್ತಿಸಿ ಸುಮಾರು ಎರಡು ಸಾವಿರ ಕಿಲೋಮೀಟರ್ ಆಚೆಗೆ ಇಳಿಸಿತು. ಅವರಿಗೆ ನೆರವಾಗಲೆಂದು ಉತ್ತರದ ಬದುಕು ಗೊತ್ತಿದ್ದ ಪಾಂಡ್ ಇನ್‌ಲೆಟ್ ಊರಿನ ಕೆಲವು ಕುಟುಂಬಗಳನ್ನೂ ಕರೆತಂದಿತು. ಬೇಟೆ ಚೆನ್ನಾಗಿದೆ, ಒಗ್ಗದಿದ್ದರೆ ಎರಡು ವರ್ಷಕ್ಕೆ ವಾಪಸ್ ಕರೆತರುತ್ತೇವೆ ಎಂದು ಮಾತು ಕೊಟ್ಟಿತ್ತು. ಆ ಮಾತು ನಡೆಯಲಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಜಾಗ, ಅವರಿಗೆ ಗೊತ್ತಿದ್ದ ಪ್ರಾಣಿಗಳಿಲ್ಲ, ಗಿಡವಿಲ್ಲ. ಮೊದಲ ಚಳಿಗಾಲ ಅವರು ಕಳೆದದ್ದು ಡೇರೆಗಳಲ್ಲಿ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಎಲ್ಲಿ ಬದುಕಬೇಕು ಎಂಬುದನ್ನೂ ಬೇರೆಯವರು ನಿರ್ಧರಿಸಿದ ಆ ಊರಿನಲ್ಲಿ ಇವತ್ತು ಜನ ತಮ್ಮ ಮೇಯರನ್ನು ತಾವೇ ಆರಿಸುತ್ತಾರೆ. 144 ಜನರಿಗೆ ಒಂದು ಪುರಸಭೆ ಯಾಕೆ, ಖರ್ಚು ದಂಡ ಎಂದು ಲೆಕ್ಕ ಹಾಕುವವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು.

ಚುನಾವಣೆ ನಡೆಯುವ ಬಗೆ ಸರಳ. ಮೊದಲು ಇಕಲೂಯಿಟ್‌ಗೆ ಅಕ್ಟೋಬರ್, ಹ್ಯಾಮ್ಲೆಟ್‌ಗಳಿಗೆ ಡಿಸೆಂಬರ್ ಎಂದು ಬೇರೆಬೇರೆ ವೇಳಾಪಟ್ಟಿ ಇತ್ತು, ನಡೆಸುವ ಕೆಲಸ ಆಯಾ ಊರಿನದೇ ಆಗಿತ್ತು. ಕಾನೂನು ತಿದ್ದುಪಡಿಯಾದ ಮೇಲೆ ಈ ಹೊಣೆ ರ‍್ಯಾಂಕಿನ್ ಇನ್‌ಲೆಟ್‌ನಲ್ಲಿರುವ ಪ್ರಾಂತ್ಯದ ಚುನಾವಣಾ ಕಚೇರಿಗೆ ಬಂತು. 2019ರ ಅಕ್ಟೋಬರ್ 28ರಂದು ಎಲ್ಲ ಊರುಗಳೂ ಒಂದೇ ದಿನ ಮತ ಹಾಕಿದವು. ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಶಿಕ್ಷಣ ಮಂಡಳಿಗಳ ಚುನಾವಣೆಯೂ ಅದರ ಜೊತೆಗೇ ನಡೆಯಿತು. ಮುಂದಿನದು 2023ರ ಅಕ್ಟೋಬರ್ 23ರಂದು ಆಯಿತು. 18 ವರ್ಷ ತುಂಬಿದ, ಕನಿಷ್ಠ ಒಂದು ವರ್ಷ ನುನಾವುಟ್‌ನಲ್ಲಿ ನೆಲೆಸಿದ ಕೆನಡಾ ಪ್ರಜೆಗೆ ಮತವಿದೆ. ಒಂದು ವರ್ಷದ ಈ ಷರತ್ತಿಗೆ ಕಾರಣವಿದೆ. ದಕ್ಷಿಣದಿಂದ ಗುತ್ತಿಗೆ ಮೇಲೆ ಬಂದು ಕೆಲವೇ ತಿಂಗಳಲ್ಲಿ ಮರಳುವ ನೌಕರರು ಅಲ್ಲಿ ಸದಾ ಇರುತ್ತಾರೆ.

ಪಕ್ಷಗಳಿಲ್ಲ. ಪುರಸಭೆಯಲ್ಲಿ ಮಾತ್ರವಲ್ಲ, 22 ಸದಸ್ಯರ ಪ್ರಾಂತ್ಯದ ಶಾಸನಸಭೆಯಲ್ಲೂ ಇಲ್ಲ. ಅಲ್ಲಿ ಗೆದ್ದವರೆಲ್ಲ ಒಟ್ಟಿಗೆ ಕುಳಿತು ತಮ್ಮೊಳಗಿಂದಲೇ ಮುಖ್ಯಮಂತ್ರಿಯನ್ನು ಆರಿಸುತ್ತಾರೆ. ಹುರಿಯಾಳುಗಳು ಸ್ಥಳೀಯ ರೇಡಿಯೊದಲ್ಲಿ ಮಾತಾಡುತ್ತಾರೆ, ಜನ ಫೋನ್ ಮಾಡಿ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳುವವರು ಬಹುಪಾಲು ಹುರಿಯಾಳಿನ ಚಿಕ್ಕಮ್ಮನೋ ಭಾವನೋ ಬೇಟೆಯ ಜೊತೆಗಾರನೋ ಆಗಿರುತ್ತಾರೆ. ಮುಖ ನೋಡಿ ಸುಳ್ಳು ಭರವಸೆ ಕೊಡುವುದು ಅಂಥ ಕಡೆ ಕಷ್ಟ.

ಮತಪತ್ರದಲ್ಲಿ ಇನುಕ್ಟಿಟುಟ್ ಲಿಪಿಯೂ ಇರುತ್ತದೆ. ಕನ್ನಡದವರಿಗೆ ಈ ಲಿಪಿ ಬೇಗ ಅರ್ಥವಾದೀತು. ನಮ್ಮ ಕಾಗುಣಿತದಂತೆ ಅದೂ ವ್ಯಂಜನ ಸ್ವರಗಳನ್ನು ಬೆಸೆದು ಒಂದೇ ಅಕ್ಷರ ಮಾಡುತ್ತದೆ. ನಾವು 'ಪ'ಕ್ಕೆ ಗುಡಿಸು, ಕೊಂಬು ಕೊಟ್ಟು 'ಪಿ', 'ಪು' ಮಾಡಿದರೆ ಅವರು ಅದೇ ಗುರುತನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಾರೆ. ಮಗು ಗುಣಿತ ಕಲಿಯುವಾಗ ಕಾಗದವನ್ನೇ ತಿರುಗಿಸಿದಂತೆ. ಕ್ರೀ ಭಾಷೆಗಾಗಿ ಮಿಷನರಿಗಳು 19ನೇ ಶತಮಾನದಲ್ಲಿ ರೂಪಿಸಿದ ಈ ಬರವಣಿಗೆ ಉತ್ತರಕ್ಕೆ ಹೋಗಿ ಇನುಯಿಟ್ ಜನರದೇ ಆಯಿತು. ಸಂಖ್ಯೆಯ ಬಿಲ್ಲೆ ಕಟ್ಟಿಸಿಕೊಂಡಿದ್ದ ಜನರ ಹೆಸರು ಈಗ ಅವರದೇ ಅಕ್ಷರಗಳಲ್ಲಿ ಮತಪತ್ರದ ಮೇಲಿದೆ.

ಪುರಸಭೆ ಸದಸ್ಯರನ್ನು ಆರಿಸುವುದಲ್ಲದೆ, ಊರಿನ ದೊಡ್ಡ ಪ್ರಶ್ನೆಗಳನ್ನು ಜನಮತದಿಂದ ಇತ್ಯರ್ಥ ಮಾಡುವ ರೂಢಿಯೂ ಅಲ್ಲಿ ಬಲವಾಗಿದೆ. ಊರಿಗೆ ಮದ್ಯ ಬರಬೇಕೋ ಬೇಡವೋ, ಬಂದರೆ ಎಷ್ಟು ಕಟ್ಟುಪಾಡಿನಲ್ಲಿ ಎಂಬುದು ಆಯಾ ಊರಿನ ಮತಕ್ಕೆ ಬಿಟ್ಟದ್ದು. ಹಾಗಾಗಿ ಕೆಲವು ಊರುಗಳಲ್ಲಿ ಪೂರ್ತಿ ನಿಷೇಧವಿದೆ. ಇಕಲೂಯಿಟ್‌ನಲ್ಲಿ ದಶಕಗಳ ಕಾಲ ಮದ್ಯದಂಗಡಿಯೇ ಇರಲಿಲ್ಲ, 2015ರ ಜನಮತದ ನಂತರ 2017ರಲ್ಲಿ ಬಿಯರ್ ಮತ್ತು ವೈನ್ ಅಂಗಡಿ ತೆರೆಯಿತು. ಊರಿನ ಹೆಸರೂ ಹೀಗೆಯೇ. 16ನೇ ಶತಮಾನದ ಇಂಗ್ಲಿಷ್ ನಾವಿಕನ ನೆನಪಿನ 'ಫ್ರೋಬಿಷರ್ ಬೇ' ಎಂಬ ಹೆಸರನ್ನು ತೆಗೆದು ಇಕಲೂಯಿಟ್, ಅಂದರೆ 'ಮೀನು ಹೇರಳವಾಗಿರುವ ಜಾಗ', ಎಂದು ಮಾಡಬೇಕೆಂದು ಅಲ್ಲಿನವರು 1984ರಲ್ಲಿ ಮತ ಹಾಕಿದರು. 1987ರಲ್ಲಿ ಹೆಸರು ಬದಲಾಯಿತು. ಅಚ್ಚುಚಿತ್ರ ಕಲೆಗೆ ಜಗತ್ತಿನಲ್ಲೇ ಹೆಸರಾದ ಕೇಪ್ ಡಾರ್ಸೆಟ್ 2020ರಲ್ಲಿ ಕಿಂಗಾಯಿಟ್ ಆಯಿತು.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಭೂಮಿಯ ಪ್ರಶ್ನೆ. 1993ರ ಒಪ್ಪಂದದಂತೆ ಊರಿನ ಎಲ್ಲೆಯೊಳಗಿನ ಭೂಮಿಯ ಒಡೆತನ ಮುಖ್ಯವಾಗಿ ಪುರಸಭೆಯದು. ಮನೆ ಕಟ್ಟುವವರು ನಿವೇಶನವನ್ನು ಗುತ್ತಿಗೆಗೆ ಪಡೆಯಬಹುದು, ಕೊಳ್ಳುವಂತಿಲ್ಲ. ಮಾರಬೇಕಾದರೆ ಊರಿನ ಜನ ಮತ ಹಾಕಿ ಒಪ್ಪಬೇಕು. 1995ರಲ್ಲಿ ಕೇಳಿದಾಗ ಊರುಗಳು ಬೇಡ ಎಂದವು. 2016ರ ಮೇ 9ರಂದು ಮತ್ತೆ ಕೇಳಲಾಯಿತು. ಮಾರಾಟಕ್ಕೆ ಅವಕಾಶವಾದರೆ ಬ್ಯಾಂಕ್ ಸಾಲ ಸುಲಭ, ಬಂಡವಾಳ ಬರುತ್ತದೆ, ಮನೆಗಳ ಕೊರತೆ ನೀಗುತ್ತದೆ ಎಂಬ ವಾದವಿತ್ತು. ದಕ್ಷಿಣದ ದುಡ್ಡಿರುವವರು ಬಂದು ಊರನ್ನೇ ಕೊಂಡುಬಿಟ್ಟರೆ ಏನು ಗತಿ ಎಂಬ ಆತಂಕವೂ ಇತ್ತು. 25 ಊರುಗಳೂ, ಒಂದನ್ನೂ ಬಿಡದೆ, ಬೇಡ ಎಂದು ಮತ ಹಾಕಿದವು. ಒಂದೇ ಕೋಣೆಯಲ್ಲಿ ಮೂರು ತಲೆಮಾರು ಮಲಗುವಷ್ಟು ಮನೆಗಳ ಅಭಾವ ಇರುವ ಕಡೆ ಜನ ಹೀಗೆ ನಿರ್ಧರಿಸಿದ್ದನ್ನು ಅಜ್ಞಾನ ಎನ್ನಲಾಗದು. ಮಾರಿದ ಮಣ್ಣು ಮರಳಿ ಬಾರದು ಎಂಬುದು ಅವರು ಅನುಭವದಿಂದ ಕಂಡುಕೊಂಡ ಮಾತು.

ಹಾಗಾದರೆ ಇಷ್ಟು ಸಣ್ಣ ಪುರಸಭೆ ದೊಡ್ಡವರ ಎದುರು ನಿಂತು ಗೆಲ್ಲಬಲ್ಲದೆ? ಬ್ಯಾಫಿನ್ ದ್ವೀಪದ ಪೂರ್ವ ಕರಾವಳಿಯ ಕ್ಲೈಡ್ ರಿವರ್ ಗೆದ್ದು ತೋರಿಸಿತು. ಇನುಕ್ಟಿಟುಟ್‌ನಲ್ಲಿ ಅದರ ಹೆಸರು ಕಾಂಗಿಕ್ಟುಗಾಪಿಕ್. ಸುಮಾರು ಸಾವಿರ ಜನರ ಊರು. 2011ರಲ್ಲಿ ಕೆಲವು ಕಂಪನಿಗಳು ಬ್ಯಾಫಿನ್ ಕೊಲ್ಲಿ ಮತ್ತು ಡೇವಿಸ್ ಜಲಸಂಧಿಯಲ್ಲಿ ತೈಲ ಹುಡುಕಲು ಸೈಸ್ಮಿಕ್ ಸಮೀಕ್ಷೆಗೆ ಅನುಮತಿ ಕೇಳಿದವು. ಹಡಗುಗಳು ಗಾಳಿತುಪಾಕಿಗಳನ್ನು ಎಳೆದುಕೊಂಡು ಹೋಗುತ್ತ, ಕಡಲ ತಳಕ್ಕೆ ಭಾರೀ ಸದ್ದು ಹಾಯಿಸಿ, ಮರಳುವ ಪ್ರತಿಧ್ವನಿಯಿಂದ ಎಣ್ಣೆ ಎಲ್ಲಿದೆ ಎಂದು ಗುರುತಿಸುವ ವಿಧಾನ ಅದು. ಐದು ವರ್ಷದ ಯೋಜನೆ. ಆ ನೀರಿನಲ್ಲೇ ನಾರ್ವಾಲ್ ಮುಂತಾದ ತಿಮಿಂಗಿಲಗಳು, ಸೀಲ್‌ಗಳು ಇವೆ. ಊರಿನ ಊಟ ಅವು. ಅಂಗಡಿಯಲ್ಲಿ ಸಿಗುವುದೆಲ್ಲ ವಿಮಾನದಲ್ಲೋ ಹಡಗಿನಲ್ಲೋ ಬಂದ ದುಬಾರಿ ಪದಾರ್ಥ.

ಸಮಾಲೋಚನೆ ಸಭೆಗಳು ನಡೆದವು. ಈ ಸದ್ದಿನಿಂದ ನಮ್ಮ ಪ್ರಾಣಿಗಳಿಗೆ ಏನಾಗುತ್ತದೆ ಎಂದು ಜನ ಕೇಳಿದಾಗ ಕಂಪನಿಯವರ ಬಳಿ ಸರಿಯಾದ ಉತ್ತರವಿರಲಿಲ್ಲ. ಆಮೇಲೆ ಉತ್ತರವೆಂದು 3,926 ಪುಟಗಳ ದಾಖಲೆ ಸಲ್ಲಿಸಿದರು. ಇನುಕ್ಟಿಟುಟ್‌ಗೆ ಅನುವಾದವಾದದ್ದು ಅದರ ತೀರಾ ಸಣ್ಣ ಭಾಗ. ಇಂಟರ್‌ನೆಟ್ ಕುಂಟುವ ಊರಿನಲ್ಲಿ ಅಂಥ ಕಡತವನ್ನು ತೆರೆಯುವುದೇ ಕಷ್ಟ. ರಾಷ್ಟ್ರೀಯ ಇಂಧನ ಮಂಡಳಿ 2014ರಲ್ಲಿ ಅನುಮತಿ ಕೊಟ್ಟಿತು.

ಪುರಸಭೆ, ಊರಿನ ಬೇಟೆಗಾರರ ಸಂಘ, ಜೊತೆಗೆ ಜೆರ್ರಿ ನಟನೈನ್ ಕೋರ್ಟಿಗೆ ಹೋದರು. ನಟನೈನ್ ಆ ಊರಿನ ಮೇಯರ್ ಆಗಿದ್ದವರು. ನೆರವಿಗೆ ಬಂದದ್ದು ಪರಿಸರ ಸಂಸ್ಥೆ ಗ್ರೀನ್‌ಪೀಸ್. ಹಿಂದೆ ಇದೇ ಸಂಸ್ಥೆ ಸೀಲ್ ಬೇಟೆಯ ವಿರುದ್ಧ ನಡೆಸಿದ್ದ ಚಳವಳಿಯಿಂದ ಚರ್ಮದ ಮಾರುಕಟ್ಟೆ ಕುಸಿದು ಇನುಯಿಟ್ ಕುಟುಂಬಗಳ ಗಳಿಕೆಗೆ ಪೆಟ್ಟು ಬಿದ್ದಿತ್ತು. ಊರಿನವರಿಗೆ ಆ ಗಾಯ ಮರೆತಿರಲಿಲ್ಲ. ಆದರೂ ಕೈಜೋಡಿಸುವ ನಿರ್ಧಾರ ಮಾಡಿದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. 2017ರ ಜುಲೈ 26ರಂದು ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟು ಅನುಮತಿಯನ್ನು ರದ್ದು ಮಾಡಿತು. ಹಕ್ಕುಳ್ಳ ಜನರ ಜೊತೆ ನಡೆಸಿದ ಸಮಾಲೋಚನೆ ಸಾಲದು ಎಂಬುದು ತೀರ್ಪಿನ ತಿರುಳು. ಆ ಕಡತದ ಪುಟಸಂಖ್ಯೆಯನ್ನೂ ಕೋರ್ಟ್ ಗಮನಕ್ಕೆ ತೆಗೆದುಕೊಂಡಿತು. ಊರಿಗೆ ಒಂದು ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಸಾವಿರ ಜನರ ದನಿ ದೇಶದ ಅತ್ಯುನ್ನತ ನ್ಯಾಯಪೀಠದ ಎದುರು 'ಕ್ಲೈಡ್ ರಿವರ್ ಹ್ಯಾಮ್ಲೆಟ್' ಎಂಬ ಹೆಸರಿನಲ್ಲಿ ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನೋವಿನ ಭಾಗವನ್ನೂ ಹೇಳಬೇಕು. ಚುನಾವಣೆ ಎಂದು ಘೋಷಿಸಿದ ಹಲವು ಕಡೆ ಚುನಾವಣೆಯೇ ನಡೆಯುವುದಿಲ್ಲ. ಇರುವ ಸ್ಥಾನಗಳಷ್ಟೇ ನಾಮಪತ್ರ ಬಂದು ಎಲ್ಲರೂ ಅವಿರೋಧ ಆಯ್ಕೆಯಾಗುತ್ತಾರೆ. ಕೆಲವೊಮ್ಮೆ ಅಷ್ಟೂ ಬರುವುದಿಲ್ಲ, ಸ್ಥಾನ ಖಾಲಿ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅವಿರೋಧ ಆಯ್ಕೆ ಎಂದರೆ ಒಗ್ಗಟ್ಟಿನ ಲಕ್ಷಣ ಎಂದು ಹೊಗಳುವವರಿದ್ದಾರೆ. ನುನಾವುಟ್‌ನ ಮಟ್ಟಿಗೆ ಅದನ್ನು ದಣಿವು ಎಂದು ಓದುವುದು ಸರಿ ಎಂದು ನನಗನಿಸುತ್ತದೆ. ಪುರಸಭೆ, ಶಿಕ್ಷಣ ಮಂಡಳಿ, ಬೇಟೆಗಾರರ ಸಂಘ, ವಸತಿ ಸಮಿತಿ ಎಂದು ಊರಿಗೆ ನಾಲ್ಕಾರು ಸಂಸ್ಥೆಗಳಿದ್ದು, ಕೆಲವೇ ನೂರು ವಯಸ್ಕರಲ್ಲಿ ಎಲ್ಲಕ್ಕೂ ಜನ ಬೇಕು. ಅದೇ ನಾಲ್ಕು ಮಂದಿ ಎಲ್ಲ ಕಡೆ ಕೂರುತ್ತಾರೆ. ಸಿಗುವ ಗೌರವಧನ ಸಣ್ಣದು, ಸಿಗುವ ಬೈಗುಳ ಅಂಗಡಿಯಲ್ಲೂ ಮನೆಯ ಜಗಲಿಯಲ್ಲೂ. ಕೆನಡಾದಲ್ಲೇ ಸರಾಸರಿ ವಯಸ್ಸು ಅತಿ ಕಡಿಮೆ ಇರುವುದು ನುನಾವುಟ್‌ನಲ್ಲಿ. ಅಷ್ಟೊಂದು ಯುವಜನ ಇರುವ ಕಡೆ ಅಭ್ಯರ್ಥಿಗಳಿಗೆ ಬರ ಬಂದಿರುವುದು ಕಳವಳದ ವಿಷಯ.

ಹೆಂಗಸರ ವಿಷಯದಲ್ಲಿ ಒಂದು ಅವಕಾಶ ಕೈತಪ್ಪಿದ್ದನ್ನೂ ಮರೆಯಬಾರದು. ಹೊಸ ಶಾಸನಸಭೆಯ ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಗೆದ್ದು ಬರಬೇಕೆಂಬ ಪ್ರಸ್ತಾವವನ್ನು 1997ರ ಮೇ ತಿಂಗಳಲ್ಲಿ ಜನಮತಕ್ಕಿಟ್ಟರು. ಶೇಕಡ 57ರಷ್ಟು ಮತ ವಿರುದ್ಧ ಬಿತ್ತು. ಆದರೂ ಇಕಲೂಯಿಟ್ ಎಲಿಸಪೀ ಶೂಟಿಯಾಪಿಕ್, ಮ್ಯಾಡಲಿನ್ ರೆಡ್‌ಫರ್ನ್ ಅವರಂಥ ಮಹಿಳಾ ಮೇಯರ್‌ಗಳನ್ನು ಆರಿಸಿಕೊಂಡಿದೆ.

ದಣಿವಿಗೆ ದೊಡ್ಡ ಕಾರಣ ದುಡ್ಡು. 25 ಪುರಸಭೆಗಳಲ್ಲಿ ಆಸ್ತಿ ತೆರಿಗೆಯನ್ನು ತಾನೇ ವಿಧಿಸಿ ವಸೂಲು ಮಾಡುವುದು ಇಕಲೂಯಿಟ್ ಒಂದೇ. ಉಳಿದವು ಪ್ರಾಂತ್ಯ ಸರ್ಕಾರದ ಅನುದಾನದಲ್ಲಿ ನಡೆಯುತ್ತವೆ, ಪ್ರಾಂತ್ಯವಾದರೋ ಒಟ್ಟಾವಾದ ಅನುದಾನದಲ್ಲಿ. ತೆರಿಗೆ ಇದ್ದರೂ ಸಾಲದು ಎಂಬುದಕ್ಕೆ ಇಕಲೂಯಿಟ್‌ನ 2021ರ ಅಕ್ಟೋಬರ್ ಸಾಕ್ಷಿ. ನಲ್ಲಿ ನೀರಿನಲ್ಲಿ ಇಂಧನದ ವಾಸನೆ ಬರುತ್ತಿದೆ ಎಂದು ಜನ ದೂರಿದರು, ಪರೀಕ್ಷೆಯಲ್ಲಿ ಅದು ನಿಜವೆಂದು ಗೊತ್ತಾಯಿತು. ಸುಮಾರು ಎರಡು ತಿಂಗಳು ಊರಿಗೆ ಊರೇ ನಲ್ಲಿ ನೀರು ಕುಡಿಯಲಿಲ್ಲ. ಬಾಟಲಿ ನೀರು ವಿಮಾನದಲ್ಲಿ ಬಂತು, ಜನ ಚಳಿಯಲ್ಲಿ ಹೊಳೆಗೆ ಹೋಗಿ ಕ್ಯಾನುಗಳಲ್ಲಿ ನೀರು ತುಂಬಿಕೊಂಡರು. ಶುದ್ಧೀಕರಣ ಘಟಕದ ಬಳಿ ನೆಲದಡಿ ಹುದುಗಿದ್ದ ಹಳೆಯ ಟ್ಯಾಂಕೊಂದು ಪತ್ತೆಯಾಯಿತು. ಮರುವರ್ಷ ಕೇಂದ್ರ ಸರ್ಕಾರ ನೀರಿನ ವ್ಯವಸ್ಥೆಗಾಗಿ 21.4 ಕೋಟಿ ಡಾಲರ್ ಪ್ರಕಟಿಸಿತು. ಏಳು ಸಾವಿರ ಜನರ ತೆರಿಗೆಯಲ್ಲಿ ಕೂಡಿಡಲಾಗದ ಮೊತ್ತ ಅದು. ಜನರ ಸಿಟ್ಟು ಮಾತ್ರ ಬಿದ್ದದ್ದು ಪುರಸಭೆಯ ಬಾಗಿಲ ಮೇಲೆ.

ಹೊಣೆ ಊರಿನದು, ಹಣ ಬೇರೆಯವರದು ಎಂಬ ಈ ಏರ್ಪಾಡು ಬದಲಾಗದೆ ನಾಮಪತ್ರಗಳ ಸಂಖ್ಯೆ ಹೆಚ್ಚುವುದಿಲ್ಲ. ಗೆದ್ದ ಮೇಲೆ ಏನಾದರೂ ಮಾಡಬಹುದು ಎಂಬ ನಂಬಿಕೆ ಇದ್ದಾಗ ಮಾತ್ರ ಜನ ಸ್ಪರ್ಧೆಗೆ ನಿಲ್ಲುತ್ತಾರೆ. ಭೂಮಿ ಮಾರುವ ಪ್ರಶ್ನೆ ಬಂದಾಗ, ಕಡಲಿನ ಪ್ರಶ್ನೆ ಬಂದಾಗ ಅವರಲ್ಲಿ ಆ ನಂಬಿಕೆ ಇತ್ತು. ಆ ನಂಬಿಕೆಗೆ ಹೊಸ ಪರೀಕ್ಷೆಯ ವರ್ಷ 2027.

2024ರ ಜನವರಿ 18ರಂದು ಇಕಲೂಯಿಟ್‌ನಲ್ಲಿ ಸಹಿಯಾದ ಒಪ್ಪಂದದಂತೆ ನುನಾವುಟ್‌ನ ಸರ್ಕಾರಿ ಭೂಮಿ ಮತ್ತು ಖನಿಜಗಳ ಆಡಳಿತ ಒಟ್ಟಾವಾದ ಕೈಯಿಂದ ಪ್ರಾಂತ್ಯದ ಕೈಗೆ ಬರಬೇಕಾದ ದಿನ 2027ರ ಏಪ್ರಿಲ್ 1. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಗ್ರೀಸ್ ಫಿಯೋರ್ಡ್‌ನಿಂದ ಹಿಡಿದು ಇಕಲೂಯಿಟ್‌ವರೆಗೆ, 25 ಊರುಗಳೂ ತಮ್ಮ ಪುರಸಭೆಗಳನ್ನು ಮತ್ತೆ ಆರಿಸಬೇಕಿದೆ.